ತ್ರಿಡಿ ಫೋಟೊ: ಉಬ್ಬು ಎಷ್ಟು ಅನ್ನುವುದಕ್ಕಿಂತ ಹೇಗೆ ನಿಲ್ಲುತ್ತದೆ ನೋಡಿ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದೇವರ ತ್ರಿಡಿ ಫೋಟೊ (ಏಣೇಣಾದ ಪ್ಲಾಸ್ಟಿಕ್ ಶೀಟಿನ ಹಿಂದೆ ಚಿತ್ರವಿಟ್ಟು ಆಳ ಕಾಣಿಸುವಂಥದ್ದು) ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಅದು ಎಷ್ಟು ಮುಂದೆ ಬಂದಂತೆ ಕಾಣುತ್ತದೆ ಅಂತ. ಉಬ್ಬು ತರುವುದು ಸುಲಭ. ತಲೆ ಆಡಿಸಿದರೂ ಅದು ಕದಡದೆ ನಿಲ್ಲಬೇಕು, ಕಷ್ಟ ಇರುವುದು ಅಲ್ಲಿ.

ಮೊದಲು ಮೇಲ್ಮೈಮೇಲೆ ಉಗುರು ಆಡಿಸಿ. ಏಣುಗಳು ಮೇಲಿಂದ ಕೆಳಕ್ಕೆ ಇದ್ದರೆ ತ್ರಿಡಿ. ಅಡ್ಡ ಇದ್ದರೆ ಅದು ಚಿತ್ರ ಬದಲಾಗುವ ಫ್ಲಿಪ್ ಪ್ರಿಂಟ್, ಎರಡೂ ಕಣ್ಣಿಗೆ ಒಂದೇ ಚಿತ್ರ ಸಿಗುವುದರಿಂದ ಆಳ ಬರುವುದಿಲ್ಲ. ಒಂದೊಂದು ಏಣೂ ಒಂದು ಲೆನ್ಸ್. 60 ಎಲ್‌ಪಿಐ ಶೀಟಿನಲ್ಲಿ ಇಂಚಿಗೆ 60 ಲೆನ್ಸ್, ಒಂದರ ಅಗಲ ಸುಮಾರು 0.42 ಮಿ.ಮೀ. 720 ಡಿಪಿಐನಲ್ಲಿ, ಅಂದರೆ ಇಂಚಿಗೆ 720 ಚುಕ್ಕಿಯಂತೆ, ಪ್ರಿಂಟ್ ಮಾಡಿದರೆ ಪ್ರತಿ ಲೆನ್ಸಿನಡಿ 12 ಪಟ್ಟಿ ಕೂರುತ್ತವೆ, ಒಂದೊಂದು ಪಟ್ಟಿಯೂ ಒಂದೊಂದು ಕೋನದ ನೋಟ.

ಈಗ ಒಂದು ಕಣ್ಣು ಮುಚ್ಚಿ, ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸಿ. ಒಂದು ಹಂತದಲ್ಲಿ ಚಿತ್ರ ಜಿಗಿದು ಮೊದಲ ನೋಟಕ್ಕೆ ಮರಳುತ್ತದೆ. ಜಿಗಿತ ಇರುವುದು ದೋಷವಲ್ಲ, ಆದರೆ ಇಡೀ ಚಿತ್ರ ಒಟ್ಟಿಗೆ ಜಿಗಿಯಬೇಕು. ನೆಟ್ಟನೆಯ ಪಟ್ಟೆ ಕಂಡರೆ ಸ್ವಲ್ಪ ಹಿಂದೆ ಮುಂದೆ ಸರಿದು ನೋಡಿ. ಎಲ್ಲೋ ಒಂದು ಕಡೆ ಮಾಯವಾದರೆ ಪ್ರಿಂಟ್ ಆ ದೂರಕ್ಕೇ ಮಾಡಿದ್ದು. ಎಲ್ಲಿ ನಿಂತರೂ ಹೋಗದಿದ್ದರೆ ಪಿಚ್ ತಪ್ಪಿದೆ, ಅಂದರೆ ಲೆನ್ಸುಗಳ ಅಂತರಕ್ಕೂ ಪಟ್ಟಿಗಳ ಅಂತರಕ್ಕೂ ಹೊಂದಿಕೆಯಾಗಿಲ್ಲ. ಓರೆ ಪಟ್ಟೆ ಬಂದರೆ ಶೀಟು ಅಂಟಿಸುವಾಗ ಸೊಟ್ಟಾಗಿದೆ, ಅಂಥದ್ದನ್ನು ಬಿಟ್ಟುಬಿಡಿ.

ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಂಚು, ಅಂದರೆ ನಂದಿಯ ಕೊಂಬು, ಗಂಟೆಸರ, ಇವುಗಳಲ್ಲಿ ಜೋಡುಗೆರೆ ಹುಡುಕಿ. ಪಕ್ಕದ ಕೋನದ ನೋಟವೂ ಇದರ ಜೊತೆ ಸೋರಿ ಕಾಣುವುದು ಅಲ್ಲೇ ಮೊದಲು ಗೊತ್ತಾಗುತ್ತದೆ. ಆಳ ಅತಿಯಾದಷ್ಟೂ ಇದು ಹೆಚ್ಚು. ಹಾಗಾಗಿ ಮುಖವನ್ನೂ ಅಕ್ಷರಗಳನ್ನೂ ಹಾಳೆಯ ಮಟ್ಟದಲ್ಲೇ ಇಟ್ಟ ಪ್ರಿಂಟ್ ನನಗೆ ಹೆಚ್ಚು ಮೆಚ್ಚುಗೆ.

ನಿಜವಾಗಿ ಹಲವು ಕೋನದಿಂದ ತೆಗೆದದ್ದೋ, ಒಂದೇ ಫೋಟೊವನ್ನು ಕಂಪ್ಯೂಟರಿನಲ್ಲಿ ತ್ರಿಡಿ ಮಾಡಿದ್ದೋ? ಇದನ್ನು ಕಂಡುಹಿಡಿಯಲು 1112ರ ಇಟಗಿ ಮಹಾದೇವ ದೇವಾಲಯದ ಕಂಬಗಳಂಥದ್ದರ ಚಿತ್ರ ಬೇಕು. ಕಡೆದು ನುಣುಪಾದ ಕಂಬದ ಮೇಲಿನ ಹೊಳಪು ನೀವು ಸರಿದಂತೆ ಕಲ್ಲಿನ ಮೇಲೆ ಜಾರಬೇಕು. ಹೊಳಪು ಕಲ್ಲಿಗೇ ಬಳಿದಂತೆ ಅಂಟಿಕೊಂಡಿದ್ದರೆ ಅದು ಪರಿವರ್ತನೆ. ಕಂಬದ ಹಿಂದೆ ಹೊಸದಾಗಿ ತೆರೆದುಕೊಳ್ಳುವ ಗೋಡೆ ಎಳೆದಂತೆ ಮಸುಕಾಗಿದ್ದರೂ ಅಷ್ಟೇ. ಕಂಬ ದುಂಡಗೆ ಕಾಣದೆ ಕತ್ತರಿಸಿದ ರಟ್ಟಿನಂತೆ ನಿಂತಿದ್ದರೆ ಆಳವನ್ನು ಪದರ ಪದರವಾಗಿ ಮಾತ್ರ ಕೊಟ್ಟಿದ್ದಾರೆ.

ನಮ್ಮ ಕಡೆಯ ಬಿಸಿಲನ್ನು ಮರೆಯುವ ಹಾಗಿಲ್ಲ. ಲೆನ್ಸಿನ ಪೆಟ್‌ಜಿ (ಒಂದು ಬಗೆಯ ಪ್ಲಾಸ್ಟಿಕ್) ಶೀಟು 10 ಡಿಗ್ರಿ ಬಿಸಿಯೇರಿದರೆ ಒಂದು ಅಡಿಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ, 60 ಎಲ್‌ಪಿಐಗೆ ಅದು ಅರ್ಧ ಲೆನ್ಸ್. ಹಿಂದೆ ಅಂಟಿಸಿದ ಕಾಗದ ಅಷ್ಟು ಹಿಗ್ಗುವುದಿಲ್ಲ, ಆಗ ಶೀಟು ಬಾಗಿ ಅಂಚಿನಲ್ಲಿ ಪಟ್ಟೆ ಮೂಡುತ್ತದೆ. ಬಿಸಿಲಲ್ಲಿ ಒರಗಿಸಿಟ್ಟ ಪ್ರಿಂಟನ್ನು ನೆರಳಿಗೆ ತಂದು ಕಾಲು ಗಂಟೆ ಬಿಟ್ಟು ಪರೀಕ್ಷಿಸಿ. ಪ್ರಿಂಟ್ ಮಾಡುವವರು ಪಿಚ್ ಟೆಸ್ಟನ್ನು (ಶೀಟಿನ ಲೆನ್ಸುಗಳ ನಿಜವಾದ ಅಂತರ ಅಳೆಯುವುದನ್ನು) ಅಂಟಿಸುವ ಕೋಣೆಯಲ್ಲೇ, ಅದೇ ದಿನ ಮಾಡಬೇಕು. ಜನವರಿಯಲ್ಲಿ ತೆಗೆದಿಟ್ಟ ಅಳತೆ ಏಪ್ರಿಲ್‌ಗೆ ಹೊಂದುವುದಿಲ್ಲ.