ಪೌಚ್ ಪ್ರಿಂಟ್‌ಗೆ ಕೊಡುವ ಮುಂಚೆ ಹೆಸರು ಯಾರದ್ದು ಅಂತ ನೋಡಿ

ಹುಬ್ಬಳ್ಳಿಯ ಒಂದು ಪ್ಯಾಕೇಜಿಂಗ್ ಪ್ರೆಸ್‌ನಲ್ಲಿ ಆರ್ಡರ್ ನೋಡಿಕೊಳ್ಳುವುದು ನನ್ನ ಕೆಲಸ. ಮಸಾಲೆ, ಉಪ್ಪಿನಕಾಯಿ, ಚಟ್ನಿಪುಡಿ ಮಾಡುವವರಿಗೆ ಲೇಬಲ್, ಪೌಚ್ ಮಾಡಿಕೊಡುತ್ತೇವೆ. ಹೋದ ವರ್ಷ ನಮ್ಮ ಹಳೇ ಗಿರಾಕಿಯೊಬ್ಬರು, ಶೇಂಗಾ ಚಟ್ನಿಪುಡಿ ಮಾಡುವ ಅಕ್ಕ, ಬೆಳಗ್ಗೆ ಬೆಳಗ್ಗೆನೇ ಫೋನ್ ಮಾಡಿದರು. "ಅಣ್ಣಾರ, ನೋಟಿಸ್ ಬಂದೈತ್ರಿ. ನಮ್ಮ ಹೆಸರು ನಾವ ಹಾಕಬಾರದಂತ."

ಎಂಟು ವರ್ಷದಿಂದ ಅದೇ ಹೆಸರಲ್ಲಿ ಮಾರಿದವರು ಅವರು. ಬೇರೆ ಜಿಲ್ಲೆಯವರೊಬ್ಬರು ಅದೇ ಹೆಸರನ್ನು ತಮ್ಮ ಟ್ರೇಡ್‌ಮಾರ್ಕ್ ಅಂತ ನೋಂದಣಿ ಮಾಡಿಸಿಕೊಂಡಿದ್ದರು. ವಾರದೊಳಗೆ ಆನ್‌ಲೈನ್ ಅಂಗಡಿಯಿಂದ ಅಕ್ಕನ ಚಟ್ನಿಪುಡಿ ಮಾಯವಾಯಿತು. ನಾವು ಆಗಷ್ಟೇ ಕಳಿಸಿದ್ದ ಪೌಚ್ ರೋಲ್‌ಗಳು ಬಿಚ್ಚದೇ ಅವರ ಗೋಡೌನ್‌ನಲ್ಲಿ ಉಳಿದವು. ಪೌಚ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕು, ಹೆಸರು ಬದಲಾದರೆ ಆ ಹೆಸರು ಕೂತಿರುವ ಸಿಲಿಂಡರ್‌ಗಳನ್ನೆಲ್ಲ ಹೊಸದಾಗಿ ಮಾಡಿಸಬೇಕು, ಆ ದುಡ್ಡು ಎಲ್ಲಿಂದ ತರೋದು ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಹೇಳಿದ್ದು ಒಂದೇ ಮಾತು. ಜಿಎಸ್‌ಟಿ ಇದೆ, ಎಫ್‌ಎಸ್‌ಎಸ್‌ಎಐ ಇದೆ, ಉದ್ಯಮ್ ಸರ್ಟಿಫಿಕೇಟ್ ಇದೆ, ಎಲ್ಲದರಲ್ಲೂ ಇದೇ ಹೆಸರಿದೆ, ಅಂದ ಮೇಲೆ ಹೆಸರು ನಮ್ಮದೇ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಲ್ಲ. ಜಿಎಸ್‌ಟಿ ತೆರಿಗೆಗೆ, ಎಫ್‌ಎಸ್‌ಎಸ್‌ಎಐ ಆಹಾರದ ಸುರಕ್ಷತೆಗೆ, ಉದ್ಯಮ್ ಸಣ್ಣ ಉದ್ದಿಮೆ ಅಂತ ಗುರುತಿಸುವುದಕ್ಕೆ. ಆ ಹೆಸರು ಬೇರೆಯವರು ಬಳಸದಂತೆ ತಡೆಯುವ ಹಕ್ಕು ಇವ್ಯಾವುವೂ ಕೊಡುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯೇ ಬೇರೆ ಇದೆ.

ಹಾಗಂತ ಅಕ್ಕನ ಕೈ ಪೂರ್ತಿ ಖಾಲಿ ಇರಲಿಲ್ಲ. ನಮ್ಮಲ್ಲಿ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಕಲಂ ಮೊದಲಿನಿಂದ ಬಳಸಿಕೊಂಡು ಬಂದವರನ್ನು ಕಾಯುತ್ತದೆ. ಆದರೆ ಎದುರಿನವರು ಬಳಸಲು ಶುರು ಮಾಡಿದ ದಿನಕ್ಕೂ, ಅವರ ನೋಂದಣಿಯ ದಿನಕ್ಕೂ ಮುಂಚಿನಿಂದ ನಾವು ಬಿಡದೆ ಬಳಸಿದ್ದೇವೆ ಅಂತ ತೋರಿಸಬೇಕು. ಇಲ್ಲೇ ಸಿಕ್ಕಿಹಾಕಿಕೊಂಡಿದ್ದು. ಮೊದಮೊದಲು ಅವರು ಮಾರಿದ್ದು ಸಂತೆಯಲ್ಲಿ, ನೆಂಟರ ಮನೆಗಳಲ್ಲಿ, ಕೈಗೆ ಕೈ ರೊಕ್ಕ. ಬಿಲ್ ಯಾರು ಬರೆದಿಟ್ಟಾರು?

ವಕೀಲರು ಹಳೇ ಕಾಗದ ಏನಾದರೂ ಹುಡುಕಿ ಅಂದಾಗ ನಾನು ನಮ್ಮ ಪ್ರೆಸ್‌ನ ಅಟ್ಟ ಹತ್ತಿದೆ. ಎರಡು ದಿನ ಬಿಲ್ ಬುಕ್ ತಿರುವಿ ಹಾಕಿದ ಮೇಲೆ ಅವರ ಮೊದಲ ಲೇಬಲ್ ಆರ್ಡರ್‌ನ ಕಾರ್ಬನ್ ಕಾಪಿ ಸಿಕ್ಕಿತು. ಹೆಸರಿತ್ತು, ತಾರೀಖಿತ್ತು. ಒಂದು ಸಾವಿರ ಸ್ಟಿಕ್ಕರ್‌ನ ಆ ಬಿಲ್ಲೇ ಈಗ ಅವರ ದೊಡ್ಡ ಸಾಕ್ಷಿ. ಕೇಸು ಇನ್ನೂ ನಡೆಯುತ್ತಿದೆ.

ಆವತ್ತು ಮೊದಲೇ ಅರ್ಜಿ ಹಾಕಿದ್ದರೆ? ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ, ಅಂದರೆ ಸರಕು-ಸೇವೆಗಳನ್ನು ವಿಂಗಡಿಸಿದ ಒಂದು ಗುಂಪಿಗೆ, 4,500 ರೂಪಾಯಿ. ಒಮ್ಮೆ ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಿಸುತ್ತಾ ಹೋಗಬಹುದು. ವರ್ಗ ಮಾತ್ರ ಸರಿಯಾಗಿ ನೋಡಬೇಕು, ಒಟ್ಟು 45 ಇವೆ. ಚಟ್ನಿ, ಮಸಾಲೆ 30ರಲ್ಲಿ ಬಂದರೆ ಉಪ್ಪಿನಕಾಯಿ 29ರಲ್ಲಿ. ಎರಡೂ ಮಾಡುವವರು ಒಂದಕ್ಕೆ ಮಾತ್ರ ಕಟ್ಟಿ ಸುಮ್ನೆ ಕೂತರೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ.

ಹೆಸರು ಯಾವ ಪದಾರ್ಥಕ್ಕೆ ಅನ್ನುವುದು ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಕೇಸಿದೆ. ಕೆಎಂಎಫ್ 1985ರಿಂದ ನಂದಿನಿ ಹೆಸರು ಬಳಸುತ್ತಿತ್ತು, ನಂದಿನಿ ಡಿಲಕ್ಸ್ ಹೋಟೆಲ್‌ನವರು 1989ರಿಂದ. ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. 2018ರಲ್ಲಿ ಕೋರ್ಟ್, ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದವಕ್ಕೆ ಹೋಟೆಲ್‌ನವರು ನೋಂದಣಿ ಪಡೆಯಬಹುದು ಅಂದಿತು. ಅಷ್ಟು ದೂರ ಹೋಗುವ ಶಕ್ತಿ ಚಟ್ನಿಪುಡಿ ಮಾರುವವರಿಗೆ ಎಲ್ಲಿಂದ ಬರಬೇಕು?

ಈಗ ಹೊಸ ಗಿರಾಕಿ ಬಂದರೆ ಡಿಸೈನ್ ಕೇಳುವ ಮುಂಚೆ ಹೆಸರು ಕೇಳುತ್ತೇನೆ. ಸರ್ಕಾರದ ಟ್ರೇಡ್‌ಮಾರ್ಕ್ ವೆಬ್‌ಸೈಟ್‌ನಲ್ಲಿ ಇಬ್ಬರೂ ಕೂತು ಹುಡುಕುತ್ತೇವೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸ್ಪೆಲ್ಲಿಂಗ್ ಬೇರೆ ಇದ್ದು ಕೇಳುವುದಕ್ಕೆ ಒಂದೇ ಥರ ಇರುವುದನ್ನೂ ನೋಡಬೇಕು. 'ರುಚಿಯಾದ ಶೇಂಗಾ ಚಟ್ನಿ' ಥರ ಬರೀ ಪದಾರ್ಥ ವರ್ಣಿಸುವ ಹೆಸರಿಟ್ಟರೆ ನೋಂದಣಿ ಸಿಗುವುದು ಬಹಳ ಕಷ್ಟ ಅಂತಲೂ ಹೇಳುತ್ತೇನೆ. ವೃತ್ತದೊಳಗಿನ ಆರ್ ಗುರುತು ಅಂದರೆ ಹೆಸರು ನೋಂದಣಿ ಆಗಿದೆ ಅಂತ; ನೋಂದಣಿ ಆಗದೇ ಅದನ್ನು ಹಾಕಿ ಅಂದರೆ ಹಾಕುವುದಿಲ್ಲ. ಬೇಕಾದರೆ ಟಿಎಂ ಅಂತ ಹಾಕಿಕೊಡುತ್ತೇನೆ. ಕೆಲವರು ಬೇಜಾರಾಗಿ ಬೇರೆ ಪ್ರೆಸ್‌ಗೆ ಹೋಗಿದ್ದಾರೆ, ಹೋಗಲಿ.

ಹೋದ ತಿಂಗಳು ಅಕ್ಕ ಬಂದಿದ್ದರು, ಉಪ್ಪಿನಕಾಯಿಗೆ ಹೊಸ ಹೆಸರು ಹುಡುಕಿಕೊಂಡು. ಡಿಸೈನ್ ತೋರಿಸಲು ಕಂಪ್ಯೂಟರ್ ಕಡೆ ತಿರುಗಿದರೆ, ಅವರು ಚೀಲದಿಂದ ಅರ್ಜಿಯ ರಸೀದಿ ತೆಗೆದು ಟೇಬಲ್ ಮೇಲಿಟ್ಟರು. "ಡಿಸೈನ್ ಆಮ್ಯಾಲೆ ತೋರಸ್ರಿ ಅಣ್ಣಾರ, ಮೊದಲ ಇದನ್ನ ನೋಡ್ರಿ. 29 ಅಂತ ಬರೆದೈತಿ, ಬರೋಬ್ಬರಿ ಐತಲ್ರಿ?"