ಮೊನೊನೊಕೆ ಕಾಡಿಗೆ ಬಸ್ಸಿನಲ್ಲೇ ಹೋಗಿ

ಜಪಾನಿನ ಯಾಕುಶಿಮಾ ದ್ವೀಪಕ್ಕೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ‘ಸಿನಿಮಾದ ಕಾಡು ತೋರಿಸ್ತೀವಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಾವು ಕೊಟ್ಟೆವು, ತಲೆಗೆ 15,000 ಯೆನ್.

ತಂಗಿ ಬೆಂಗಳೂರಿನಲ್ಲಿ ಅನಿಮೇಷನ್ ಕಲಿಯುತ್ತಿದ್ದಾಳೆ. ‘ಪ್ರಿನ್ಸೆಸ್ ಮೊನೊನೊಕೆ’ಯ ಕಾಡು ನೋಡಲೇಬೇಕು ಎಂಬುದು ಅವಳ ಹಠ. 1997ರಲ್ಲಿ ಬಂದ ಜಪಾನಿ ಅನಿಮೇಷನ್ ಸಿನಿಮಾ ಅದು. ಕೆಲಸ ಶುರುವಾಗುವ ಹೊತ್ತಿಗೆ, 1995ರಲ್ಲಿ, ನಿರ್ದೇಶಕ ಹಯಾವೊ ಮಿಯಾಝಾಕಿ ತಮ್ಮ ಚಿತ್ರಕಾರರನ್ನು ಈ ದ್ವೀಪಕ್ಕೆ ಕರೆತಂದಿದ್ದರು. ಕಾಡನ್ನು ಕಣ್ಣಾರೆ ನೋಡಿದ ಮೇಲೇ ಬಣ್ಣಕ್ಕೆ ಕೈ ಹಾಕಿದ್ದು.

ನಮ್ಮ ಗೈಡ್ ವ್ಯಾನಿನಲ್ಲಿ ಶಿರಾತಾನಿ ಕಣಿವೆಗೆ ಕರೆದೊಯ್ದ. ಪಾಚಿ ಹಿಡಿದ ಒಂದು ಬಂಡೆಯ ಮೇಲೆ ಬಿಳಿ ಪ್ಲಾಸ್ಟಿಕ್ ಗೊಂಬೆ ಇಟ್ಟ. ಸಿನಿಮಾದಲ್ಲಿ ತಲೆ ತಿರುಗಿಸುವ ಪುಟ್ಟ ಮರದೈವಗಳಿವೆಯಲ್ಲ, ಕೊದಾಮಾ, ಅದರದ್ದೇ ಗೊಂಬೆ. ‘ಇದೇ ಜಾಗ’ ಅಂದ. ಫೋಟೊ ತೆಗೆದ. ಒಂದೂವರೆ ಗಂಟೆಯಲ್ಲಿ ವಾಪಸ್ ಹೊರಡಿಸಿದ. ತಂಗಿ ಮೊಬೈಲಿನಲ್ಲಿ ದೃಶ್ಯಗಳನ್ನು ಒಂದೊಂದಾಗಿ ಹೋಲಿಸಿ ನೋಡಿದಳು. ಯಾವುದೂ ಆ ಬಂಡೆಗೆ ಹೊಂದಲಿಲ್ಲ.

ಮರುದಿನ ದ್ವೀಪದ ಬಂದರು ಊರು ಮಿಯಾನೊಉರಾದಿಂದ ಅದೇ ಕಣಿವೆಗೆ ಬಸ್ ಹಿಡಿದೆವು. ಟಿಕೆಟ್ ಕೆಲವೇ ನೂರು ಯೆನ್. ಕಾಡಿನ ನಿರ್ವಹಣೆಗೆ ಅಂತ ಒಬ್ಬರಿಗೆ 500 ಯೆನ್ ತೆಗೆದುಕೊಂಡರು. ದಾರಿ ತಪ್ಪುವ ಭಯವಿಲ್ಲ, ಗುರುತುಗಳಿವೆ.

ಅವತ್ತು ಮಳೆ. ದಯವಿಟ್ಟು ಮಳೆ ನೋಡಿ ರೂಮಿನಲ್ಲಿ ಕೂರಬೇಡಿ. ನಾವು ಕರಾವಳಿಯವರು, ಮಳೆ ನಮಗೆ ಹೊಸದಲ್ಲ. ಆದರೂ ಈ ಹಸಿರು ನಾನು ಕಂಡಿರಲಿಲ್ಲ. ತಂಗಿ ಕೊಡೆ ಕೆಳಗೆ ಪೋಸ್ಟರ್ ಕಲರ್ ಬಿಚ್ಚಿ ಕೂತಳು. ಸಿನಿಮಾ ಮಾಡಿದ ಘಿಬ್ಲಿ ಸ್ಟುಡಿಯೊದವರು ಹಿನ್ನೆಲೆ ಬಿಡಿಸಿದ್ದೂ ಪೋಸ್ಟರ್ ಕಲರಿನಲ್ಲೇ. ಏಳು ಸಲ ಹಸಿರು ಬೆರೆಸಿದಳು. ‘ಅಣ್ಣಾ, ಹಸಿರು ಸಾಲ್ತಿಲ್ಲ, ನೀಲಿ ಬೇಕು ಇದಕ್ಕೆ’ ಅಂದಳು. ಈ ಸಿನಿಮಾಕ್ಕೆ ಸುಮಾರು 1,44,000 ಸೆಲ್‌ಗಳು, ಅಂದರೆ ಚಿತ್ರ ಬಿಡಿಸುವ ಪಾರದರ್ಶಕ ಹಾಳೆಗಳು, ಬೇಕಾದವಂತೆ. ಅದರಲ್ಲಿ 80,000ದಷ್ಟನ್ನು ಮಿಯಾಝಾಕಿ ತಾವೇ ಕೂತು ತಿದ್ದಿದ್ದರು ಎನ್ನುತ್ತಾರೆ. ಒಂದೇ ಒಂದು ಹಾಳೆಗೆ ತಂಗಿ ಪಟ್ಟ ಪಾಡು ನೋಡಿದಾಗ ಆ ಲೆಕ್ಕದ ಭಾರ ಗೊತ್ತಾಯಿತು.

ನನ್ನನ್ನು ನಿಲ್ಲಿಸಿದ್ದು ಒಂದು ಮರದ ಬೊಡ್ಡೆ. ನಮ್ಮ ಅಡುಗೆಮನೆಯಷ್ಟು ಅಗಲ. ಮೇಲೆಲ್ಲ ಪಾಚಿ. ಪಾಚಿಯ ನಡುವೆ ಬೆರಳುದ್ದದ ಸುಗಿ (ಜಪಾನಿ ಸೀಡರ್) ಸಸಿ, ಅದರ ತುದಿಯಲ್ಲಿ ಒಂದು ಹನಿ ನೀರು. ಯಾರೂ ಮುಟ್ಟದ ಕಾಡು ಅಂದುಕೊಂಡೇ ನಾನು ಹೋಗಿದ್ದೆ. ಅದು ಸುಳ್ಳು. ಎದೊ ಕಾಲದಲ್ಲಿ (17ರಿಂದ 19ನೇ ಶತಮಾನ) ಇಲ್ಲಿನ ಜನ ಅಕ್ಕಿಯ ಬದಲು ಛಾವಣಿಯ ಮರದ ಹಲಗೆಗಳನ್ನೇ ಕಂದಾಯವಾಗಿ ಕೊಡಬೇಕಿತ್ತು. ಸಾವಿರ ವರ್ಷದ ಮರಗಳನ್ನು ಅದಕ್ಕಾಗಿ ಕಡಿದರು. ರಾಳ ಜಾಸ್ತಿ ಇರುವುದರಿಂದ ಬೊಡ್ಡೆಗಳು ಇವತ್ತಿಗೂ ಕೊಳೆತಿಲ್ಲ. ಕಬ್ಬಿಣ ಕರಗಿಸಲು ಕಾಡು ಕಡಿಯುವವರ ಕಥೆಯ ಸಿನಿಮಾಕ್ಕೆ ಇಂಥ ಕಾಡೇ ಸಿಕ್ಕಿತಲ್ಲ! ಗೈಡ್ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನೀವು ಬಂಡೆ ಹುಡುಕಬೇಡಿ, ಬೊಡ್ಡೆ ಹುಡುಕಿ.

ಜೋಮೊನ್ ಸುಗಿ ಎಂಬ ಹಳೇ ಮರಕ್ಕೆ ನಾವು ಹೋಗಲಿಲ್ಲ. ಹತ್ತು ಗಂಟೆಯ ನಡಿಗೆ, ಸಾಲುಗಟ್ಟಿದ ಜನ. ಜನಜಂಗುಳಿ ನನಗೆ ಆಗುವುದಿಲ್ಲ.

ಊಟದ ಬಗ್ಗೆ ಬರೆಯಲೇಬೇಕು. ಬಂದರಿನ ಹತ್ತಿರ ಒಬ್ಬ ಅಜ್ಜಿಯ ಹೋಟೆಲ್, ನಾಲ್ಕೇ ಮೇಜು. ಇಲ್ಲಿ ಹಾರುವ ಮೀನೇ ಮುಖ್ಯ, ತೊಬಿಉವೊ ಅನ್ನುತ್ತಾರೆ. ರೆಕ್ಕೆ ಬಿಚ್ಚಿಟ್ಟು ಇಡೀ ಮೀನನ್ನೇ ಎಣ್ಣೆಯಲ್ಲಿ ಕರಿದು ತಟ್ಟೆಯಲ್ಲಿ ನಿಲ್ಲಿಸುತ್ತಾರೆ. ರೆಕ್ಕೆ ಹಪ್ಪಳದ ಹಾಗೆ ಮುರಿಯುತ್ತದೆ. ಒಳಗೆ ಬಿಳಿ ಮಾಂಸ, ವಾಸನೆಯೇ ಇಲ್ಲ. ಬಂಗುಡೆ ತಿಂದು ಬೆಳೆದ ನಾನು ಮೂರು ರಾತ್ರಿ ಅದನ್ನೇ ತಿಂದೆ. ಬಿಸಿ ಅನ್ನ, ಮಿಸೊ (ಹುದುಗಿಸಿದ ಸೋಯಾ) ಸಾರು, ಉಪ್ಪಿನಕಾಯಿ ಸೇರಿ 900 ಯೆನ್. ಅಜ್ಜಿಗೆ ಇಂಗ್ಲಿಷ್ ಬರದು, ನಮಗೆ ಜಪಾನಿ ಬರದು. ಎರಡನೇ ದಿನ ನಾವು ಕೇಳುವ ಮೊದಲೇ ಇನ್ನೊಂದು ಬಟ್ಟಲು ಅನ್ನ ಬಂತು. ಸಸ್ಯಾಹಾರಿಗಳು ಮಾತ್ರ ಅವಲಕ್ಕಿ ಜೊತೆಗಿಟ್ಟುಕೊಳ್ಳಿ. ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ.

ಕಣಿವೆಯಲ್ಲಿ ಬಸ್ ಇಳಿದ ತಕ್ಷಣ ವಾಪಸ್ ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಬಸ್ಸುಗಳು ಬಹಳ ಕಡಿಮೆ. ಬಣ್ಣ ಹಚ್ಚುವ ತಂಗಿ ಜೊತೆಗಿದ್ದರೆ ಬೆಳಗಿನ ಮೊದಲ ಬಸ್ಸಿಗೇ ಹೊರಡಿ.