ಗದ್ದೆ ಬದುವಿನಲ್ಲಿ ಬಕದ ಫೋಟೊ

ಬಕದ ಫೋಟೊ ತೆಗೆಯಲು ಕೂತವರು ಅದರ ಕೊಕ್ಕನ್ನೇ ನೋಡುತ್ತಾರೆ. ನೋಡಬೇಕಾದ್ದು ಕತ್ತನ್ನು. ಕತ್ತಿನ ಆರನೇ ಮೂಳೆ ಉದ್ದ. ಅಲ್ಲಿ ಮಡಚಿಕೊಂಡ ಕತ್ತು ಸ್ಪ್ರಿಂಗ್ ಬಿಟ್ಟಂತೆ ಚಿಮ್ಮುತ್ತದೆ. ಹಕ್ಕಿ ಮೈ ಬಗ್ಗಿಸಿ, ಕತ್ತನ್ನು ನಿಧಾನವಾಗಿ ಮುಂದಕ್ಕೆ ತಂದು, ನೀರಿನತ್ತ ಕೋನ ಸರಿಮಾಡಿಕೊಂಡು ಕಲ್ಲಿನಂತೆ ನಿಂತಿತೋ, ಅಲ್ಲಿಂದಲೇ ಬರ್ಸ್ಟ್ (ಒಂದರ ಹಿಂದೊಂದು ಬಿಡದೆ ತೆಗೆಯುವುದು) ಶುರು ಮಾಡಿ. ಕೊಕ್ಕು ನೀರಿಗೆ ಬಿದ್ದ ಮೇಲೆ ಒತ್ತಿದರೆ ಸಿಗುವುದು ನೀರಿನ ಸಿಡಿತ ಮಾತ್ರ. ಅದೇ ಕತ್ತು ಕೋಲಿನಂತೆ ನೆಟ್ಟಗಾದರೆ ನಿಮ್ಮನ್ನು ಗಮನಿಸಿದೆ ಎಂದರ್ಥ. ಇನ್ನೊಂದು ಹೆಜ್ಜೆ ಇಟ್ಟರೆ ಹಾರಿತು. ಇದ್ದಲ್ಲೇ ಕೂತು, ಕತ್ತು ಇಳಿಯುವವರೆಗೆ ಕಾಯಿರಿ.

ಕೊಡಗಿನಲ್ಲಿ ನಾಟಿ ಮುಗಿದ ಹೊಸತರಲ್ಲಿ ಪೈರು ಗಿಡ್ಡ, ಹಕ್ಕಿಯ ಕಾಲೂ ಕಾಣುತ್ತದೆ. ಕೊಳದ ಬಕದ ಬೆನ್ನು ಕೆಂಗಂದಾಗುವುದೂ ಮಳೆಗಾಲದಲ್ಲೇ. ಉಳಿದ ದಿನ ಅದು ಕೆಸರಿನ ಬಣ್ಣದ ಗೀರು ಗೀರು ಹಕ್ಕಿ, ಹಾರಿದಾಗಷ್ಟೇ ಬಿಳಿ ರೆಕ್ಕೆ. ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬ ಕಳೆದು ಪೈರು ಎದ್ದಿತೆಂದರೆ ಬರೀ ತಲೆ ಸಿಗುತ್ತದೆ. ಸುಗ್ಗಿಯ ಹಬ್ಬ ಪುತ್ತರಿ ಮುಗಿದು ಕೆರೆಗಳು ಇಳಿಯತೊಡಗಿದಾಗ ಹಾರಂಗಿ, ಚಿಕ್ಲಿಹೊಳೆ ಹಿನ್ನೀರಿನ ಕೆಸರಂಚಿಗೆ ಹೋಗಿ. ಬೂದು ಬಕ ಬಯಲಲ್ಲೇ ನಿಲ್ಲುತ್ತದೆ. ಕೆನ್ನೀಲಿ ಬಕವನ್ನು ಜೊಂಡಿನೊಳಗೆ ಹುಡುಕಬೇಕು, ಮತ್ತು ಅಲ್ಲಿ ಆಟೋಫೋಕಸ್ ಮುಂದಿನ ಕಡ್ಡಿಗೇ ಕಚ್ಚಿಕೊಳ್ಳುತ್ತದೆ: ಒಂದೇ ಚಿಕ್ಕ ಫೋಕಸ್ ಪಾಯಿಂಟ್ ಇಟ್ಟು ಕಣ್ಣಿನ ಮೇಲೆ ಹಿಡಿಯಿರಿ.

400 ಎಂಎಂ ಲೆನ್ಸ್ ಸಾಕು. ಶಟರ್ ವೇಗ ನಿಂತ ಹಕ್ಕಿಗೆ 1/500 ಸೆಕೆಂಡ್, ಮೀನು ಹಿಡಿಯುವಾಗ, ಹಾರುವಾಗ 1/2000. ಬದುವಿನ ಮೇಲೆ ನಿಂತು ತೆಗೆದರೆ ಹಿನ್ನೆಲೆಯಲ್ಲಿ ಬರೀ ಕೆಸರು. ಅಕ್ಕಿಯೋ ಕಾಳೋ ತುಂಬಿದ ಚೀಲದ ಮೇಲೆ ಲೆನ್ಸ್ ಇಟ್ಟು ಮಲಗಿದರೆ ದೂರದ ತೋಟದ ಹಸಿರು ಮೆತ್ತಗೆ ಹರಡುತ್ತದೆ. ಬದುವಿನ ಅಂಚು ಮಾತ್ರ ತುಳಿಯಬೇಡಿ. ಮಣ್ಣು ಜಾರಿದರೆ ಗದ್ದೆಯ ನೀರೇ ಹೋಗುತ್ತದೆ.

ಬೆಳ್ಳಕ್ಕಿಯ ಫೋಟೊವೇ ಹೆಚ್ಚು ಕೆಡುವುದು. ಸುತ್ತಲೂ ಕಪ್ಪು ಕೆಸರಿದ್ದರೆ ಕ್ಯಾಮೆರಾ ಬೆಳಕು ಏರಿಸುತ್ತದೆ, ಗರಿಗಳೆಲ್ಲ ಸುಣ್ಣ ಬಳಿದಂತಾಗುತ್ತವೆ. ಬಿಸಿಲಿನಲ್ಲಿ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿ. ಬೆಳಗಿನ ಮಂಜಿನಲ್ಲಿ ಇದು ತಿರುಗುಮುರುಗು: ಇಡೀ ಚೌಕಟ್ಟೇ ಬೆಳ್ಳಗಿರುವುದರಿಂದ ಚಿತ್ರ ಮಂಕಾಗುತ್ತದೆ, ಅರ್ಧ ಸ್ಟಾಪಿಗಿಂತ ತುಸು ಹೆಚ್ಚೇ ಏರಿಸಬೇಕು. ಬಿಸಿಲೇರಿ ನೀರಿನ ಮೇಲೆ ಗಾಳಿ ನಡುಗತೊಡಗಿದರೆ ದೂರದ ಹಕ್ಕಿ ಯಾವ ಲೆನ್ಸಿಗೂ ಚೂಪಾಗಿ ಸಿಗದು.

ಎ.ಸಿ. ಕಾರಿನಿಂದ ಇಳಿಸಿದ ತಣ್ಣನೆಯ ಲೆನ್ಸಿಗೆ ಹನಿ ಹಿಡಿಯುತ್ತದೆ. ಇಪ್ಪತ್ತು ನಿಮಿಷ ಬ್ಯಾಗಿನ ಜಿಪ್ ತೆರೆಯಬೇಡಿ. ಮಳೆಗಾಲದಲ್ಲಿ ಬೀರುವಿನೊಳಗಿಟ್ಟ ಲೆನ್ಸಿಗೆ ಬೂಷ್ಟು ಖಂಡಿತ. ತೇವಾಂಶ 40–50 ಶೇಕಡಾ ಇರುವ ಡ್ರೈ ಕ್ಯಾಬಿನೆಟ್ ಇರಲಿ.

ಗೂಡಿನ ಮರದಡಿ ಮಾತ್ರ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ತಾಯಿ ಎದ್ದು ಹೋದರೆ ಮರಿಗಳು ಮಳೆಯಲ್ಲಿ ನೆನೆಯುತ್ತವೆ. ಕಾಗೆಗೆ ಅಷ್ಟು ಹೊತ್ತು ಸಾಕು.